ಕರಿಯೊಳಗಿನ ನೀಲಿ

ನಮ್ಮ ಮನೆಯಲ್ಲಿ ಕಾಫಿ ಸೋಸುವ ಕಾಗದ ಇರಲಿಲ್ಲ. ಅದೊಂದು ಕೊರತೆ ಎಂಬುದು ಹೋದ ಚಳಿಗಾಲದವರೆಗೆ ನನಗೆ ಗೊತ್ತೂ ಇರಲಿಲ್ಲ. ಬನಹಟ್ಟಿಯಲ್ಲಿ ನಾವು ಚಹಾದ ಜನ. ಮನೆಗೆ ಬಂದ ಬೀಗರು ಕಾಫಿ ಕೇಳಿದರೆ, ಮೈಯಲ್ಲಿ ಆರಾಮ ಇಲ್ಲವೇನೋ ಎಂದು ವಿಚಾರಿಸಿಕೊಳ್ಳುತ್ತೇವೆ. ಅಂಥ ಮನೆಗೆ ಒಂದು ದಿನ ಶಾಲೆಯ ವಾಟ್ಸಾಪ್ ಗುಂಪಿನಿಂದ ಅಪ್ಪಣೆ ಬಂತು. ಐದನೆಯ ಇಯತ್ತೆಯ ಮಕ್ಕಳು ಮನೆಯಲ್ಲಿ ಸುಲಭವಾಗಿ ಸಿಗುವ ಸಾಮಾನುಗಳಿಂದ ಕರಿ ಶಾಯಿಯೊಳಗಿನ ಬಣ್ಣಗಳನ್ನು ಬೇರೆ ಮಾಡಿ ತೋರಿಸಬೇಕು, ಅದರ ವಿಡಿಯೋ ಕಳಿಸಬೇಕು. ಸುಲಭವಾಗಿ ಸಿಗುವ ಸಾಮಾನುಗಳಲ್ಲಿ ಮೊದಲನೆಯದೇ ಕಾಫಿ ಸೋಸುವ ಕಾಗದ. ಕಡೆಯ ಸಾಲು, ಪಾಲಕರು ಮಾರ್ಗದರ್ಶನ ಮಾತ್ರ ಮಾಡತಕ್ಕದ್ದು.

ಈ ಕಡೆಯ ಸಾಲು ಬರೆದವರು ಒಳ್ಳೆಯ ಮನಸ್ಸಿನವರಿರಬೇಕು. ಹಿಂದಿನ ಸಲ ಜ್ವಾಲಾಮುಖಿಯ ಮಾದರಿ ಮಾಡಿಕೊಂಡು ಬನ್ನಿ ಎಂದಾಗಲೂ ಇದನ್ನೇ ಬರೆದಿದ್ದರು. ಕಟ್ಟಡದ ಗುತ್ತಿಗೆ ಹಿಡಿಯುವ ಒಬ್ಬ ಪಾಲಕರು ತಮ್ಮ ಮಗನಿಗೆ ಎಷ್ಟು ಮಾರ್ಗದರ್ಶನ ಮಾಡಿದರೆಂದರೆ, ಆ ಜ್ವಾಲಾಮುಖಿಯನ್ನು ಟಂಟಂ ಗಾಡಿಯಿಂದ ಇಳಿಸಲು ಇಬ್ಬರು ಆಳು ಬೇಕಾದರು. ಸಿಮೆಂಟಿನದು. ಒಳಗೆ ಸರಳು ಹಾಕಿದ್ದರೆಂದೂ ಸುದ್ದಿ. ಅದು ಇವತ್ತಿಗೂ ಶಾಲೆಯ ಅಂಗಳದಲ್ಲೇ ಇದೆ. ಎತ್ತಲಾಗದೆ ಸುತ್ತ ಹೂವಿನ ಗಿಡ ಹಚ್ಚಿದ್ದಾರೆ. ಮೊದಲ ಬಹುಮಾನ ಅದಕ್ಕೇ ಬಂತು. ನನ್ನ ಮಗಳು ಸಿಂಚನಾ ಹಿತ್ತಲ ಮಣ್ಣು ಕಲಸಿ ತಾನೇ ಮಾಡಿಕೊಂಡು ಹೋಗಿದ್ದ ಜ್ವಾಲಾಮುಖಿಯನ್ನು ನೋಡಿದ ಬಾಯಾರು, ಅಂದರೆ ಅವಳ ಶಿಕ್ಷಕಿ, ಹುತ್ತ ಛಲೋ ಆಗಿದೆ ಅಂದರಂತೆ.

ಈ ಸಲ ಹಾಗಾಗಬಾರದೆಂದು ನಾನೇ ಸೆರಗು ಕಟ್ಟಿ ನಿಂತೆ. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಪಾಸಾದೆನೆಂಬುದನ್ನು ಮನೆಯಲ್ಲಿ ಯಾರೂ ಮರೆಯದಂತೆ ನೋಡಿಕೊಂಡಿದ್ದೇನೆ, ಎಷ್ಟು ಅಂಕ ಬಿತ್ತೆಂಬುದನ್ನು ಯಾರೂ ನೆನಪಿಡದಂತೆಯೂ. ಕಾಗದ ಕೇಳಿಕೊಂಡು ಕಿರಾಣಿ ಅಂಗಡಿಗೆ ಹೋದರೆ ಚಹಾ ಸೋಸುವ ಜಾಲರಿ ತೋರಿಸಿದರು. ಪಾತ್ರೆ ಅಂಗಡಿಯವರು ಸ್ಟೀಲಿನ ಫಿಲ್ಟರ್ ತೆಗೆದು, ಇದಕ್ಕೆ ಕಾಗದ ಗೀಗದ ಏನೂ ಹತ್ತುವುದಿಲ್ಲ, ಒಂದು ಜನ್ಮಕ್ಕೆ ಒಂದೇ ಸಾಕು ಎಂದು ಅದರ ಗುಣಗಾನ ಮಾಡಿದರು. ಕೆಲಸದ ಮೇಲೆ ಜಮಖಂಡಿಗೆ ಹೋಗಿದ್ದ ನನ್ನ ಗಂಡ ಅಲ್ಲಿಯ ದೊಡ್ಡ ಅಂಗಡಿಯಲ್ಲಿ ವಿಚಾರಿಸಿ, ಅಂಥದ್ದು ಬೆಂಗಳೂರಿನಲ್ಲಿ ಸಿಗುತ್ತದಂತೆ ಎಂಬ ಜ್ಞಾನವನ್ನು ಹೊತ್ತುಕೊಂಡು ಬಂದರು. ಯಾರದೋ ಮನೆಯಲ್ಲಿ ಸುಲಭವಾಗಿ ಸಿಗುವುದು ಎಲ್ಲರ ಮನೆಯಲ್ಲೂ ಸುಲಭವಾಗಿ ಸಿಗುತ್ತದೆಂದು ನಂಬುವುದಕ್ಕೆ ಬಹಳ ಓದಿರಬೇಕಾಗುತ್ತದೆ.

ನಾನು ಕಲಿತದ್ದು ಗಲಗಲಿಯ ಶಾಲೆಯಲ್ಲಿ. ಅಲ್ಲಿ ಶಾಯಿಗಾಗಿ ಯಾರೂ ಪ್ರಯೋಗ ಮಾಡಬೇಕಾಗಿರಲಿಲ್ಲ; ಶಾಯಿಯೇ ನಮ್ಮ ಮೇಲೆ ಪ್ರಯೋಗ ಮಾಡುತ್ತಿತ್ತು. ಪೆನ್ನು ಕಕ್ಕಿ ಬೆಂಚಿನ ಮೇಲೆ ಹನಿ ಬಿದ್ದರೆ, ಕರಿಹಲಗೆಯ ಕೆಳಗಿನಿಂದ ಒಂದು ಖಡೂ, ಅಂದರೆ ಸೀಮೆಸುಣ್ಣದ ತುಂಡು, ಕದ್ದು ತಂದು ಆ ಹನಿಯ ಮೇಲೆ ನಿಲ್ಲಿಸುತ್ತಿದ್ದೆವು. ಖಡೂ ಶಾಯಿಯನ್ನು ಹೀರುತ್ತ ಹೀರುತ್ತ ಅರ್ಧದವರೆಗೆ ನೀಲಿಯಾಗುತ್ತಿತ್ತು. ನೀಲಿ ಮುಗಿಯುವ ಅಂಚಿನಲ್ಲಿ ತೆಳ್ಳಗೆ ಒಂದು ಗುಲಾಬಿ ಉಂಗುರ ಏಳುತ್ತಿತ್ತು. ಮಾಸ್ತರರು ಅದೇ ಖಡೂ ಎತ್ತಿಕೊಂಡು ಲೆಕ್ಕ ಬರೆಯಲು ಹೋಗಿ ಬೆರಳೆಲ್ಲ ನೀಲಿ ಮಾಡಿಕೊಳ್ಳುತ್ತಿದ್ದರು. ನೀಲಿಯೊಳಗಿಂದ ಗುಲಾಬಿ ಹೇಗೆ ಬಂತೆಂದು ನಾವು ಅವರನ್ನು ಕೇಳಲಿಲ್ಲ. ಯಾರು ಮಾಡಿದರೆಂದು ಮಾತ್ರ ಅವರು ನಮ್ಮನ್ನು ಕೇಳಿದರು. ಕೈ ಚಾಚಿರಿ ಅಂದರೆ ಇಡೀ ವರ್ಗದ ಅಂಗೈಗಳೂ ನೀಲಿ. ಆದ್ದರಿಂದ ಛಡಿಯೇಟು ಎಲ್ಲರಿಗೂ ಸರಿಸಮ. ಹೀಗೆ ವಿಜ್ಞಾನ ನಮ್ಮ ಬೆಂಚಿನ ತನಕ ಬಂದು, ಕೂತು, ಎದ್ದುಹೋಗಿತ್ತು. ನಾವು ಗುರುತು ಹಿಡಿದು ಮಾತಾಡಿಸಲಿಲ್ಲ ಅಷ್ಟೆ.

ಇರಲಿ. ಭಾನುವಾರ ಮುಂಜಾನೆ ಪಡಸಾಲೆಯಲ್ಲಿ ಗ್ಲಾಸು, ನೀರು, ಪೆನ್ನು ಹರವಿಕೊಂಡು ತಾಯಿ ಮಗಳು ಕುಳಿತೆವು. ಮೊದಲು ದಿನಪತ್ರಿಕೆಯ ಅಂಚಿನ ಬಿಳಿ ಪಟ್ಟಿ ಕತ್ತರಿಸಿ, ಕರಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ನೀರಿಗೆ ಇಳಿಬಿಟ್ಟೆ. ಕೊಂಚ ಜಾಸ್ತಿಯೇ ಇಳಿಬಿಟ್ಟೆ. ಗೆರೆ ಮುಳುಗಿ, ಬಣ್ಣವೆಲ್ಲ ಗ್ಲಾಸಿನ ಪಾಲಾಯಿತು. ಗೆರೆ ನೀರಿನ ಮೇಲಿರಬೇಕು, ಪಟ್ಟಿಯ ತುದಿ ಮಾತ್ರ ನೀರು ಮುಟ್ಟಬೇಕು ಎಂದು ಸಿಂಚನಾ ನನಗೆ ಮಾರ್ಗದರ್ಶನ ಮಾಡಿದಳು. ಎರಡನೆಯ ಸಲ ನಾನು ಬಾಲ್‌ಪೆನ್ನು ಹಿಡಿದೆ. ನೀರು ಏರಿತು, ಗೆರೆಯನ್ನು ದಾಟಿ ಹೋಯಿತು, ಗೆರೆ ಮಾತ್ರ ಸರಕಾರಿ ಕಚೇರಿಯ ಗುಮಾಸ್ತನಂತೆ ಕದಲಲಿಲ್ಲ.

ಇದನ್ನೆಲ್ಲ ಜೋಕಾಲಿಯ ಮೇಲೆ ಕುಳಿತು ನೋಡುತ್ತಿದ್ದವರು ನನ್ನ ಮಾವ, ಮಲ್ಲಪ್ಪನವರು. ಅವರು ವಯಸ್ಸಿನಲ್ಲಿದ್ದಾಗ ನೂಲಿಗೆ ಬಣ್ಣ ಹಾಕುತ್ತಿದ್ದವರು. ಬಣ್ಣದ ಮಾತು ಬಂದರೆ ಊರೇ ತಮ್ಮನ್ನು ಕೇಳಬೇಕೆಂದು ಅವರ ಅಭಿಪ್ರಾಯ, ಊರು ಕೇಳುವುದಿಲ್ಲವೆಂಬುದು ಅವರ ದುಃಖ.

‘ಕರಿ ಅಂದ್ರ ಕರಿ. ಅದರ ಹೊಟ್ಟ್ಯಾಗ ಕರಿನ ಇರ್ತೈತಿ,’ ಅಂದರು. ‘ಯಾರರ ಬ್ಯಾರೆ ಬಣ್ಣ ಕಲಸಿದ್ರ ಮಾತ್ರ ಬ್ಯಾರೆ ಬರತೈತಿ.’

ಅದನ್ನು ಅವರು ಹೇಳಿದ್ದು ಮೊಮ್ಮಗಳಿಗಲ್ಲ, ಗೋಡೆಗೆ. ನಮ್ಮ ಪಡಸಾಲೆಯ ಆ ಗೋಡೆಯ ಕಥೆಯನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಒಬ್ಬ ಮುದುಕರು ಗೋಡೆಗೆ ಯಾಕೆ ಪಾಠ ಹೇಳುತ್ತಾರೆಂದು ನೀವು ತಪ್ಪು ತಿಳಿಯುತ್ತೀರಿ.

ಗೋಡೆಯ ಆಚೆಗೆ ಇರುವವರು ಮಾವನ ಸ್ವಂತ ತಮ್ಮ, ಕಾಡಪ್ಪನವರು. ಒಂದು ಕಾಲಕ್ಕೆ ಅದೆಲ್ಲ ಒಂದೇ ಮನೆ. ಅಣ್ಣತಮ್ಮಂದಿರು ಕೂಡಿಯೇ ಹಿತ್ತಲಲ್ಲಿ ಹಂಡೆ ಹೂಡಿ ಬಣ್ಣ ಕುದಿಸುತ್ತಿದ್ದರು. ಮಹಾರಾಷ್ಟ್ರದ ಕಡೆ ಹೆಂಗಸರು ಸಂಕ್ರಾಂತಿಗೆ ಕರಿ ಸೀರೆ ಉಡುತ್ತಾರೆ. ಒಂದು ವರ್ಷ ಸಾಂಗ್ಲಿಯ ವ್ಯಾಪಾರಿಯೊಬ್ಬ ಬಿಳಿ ಪಟ್ಟಿಯ ಕರಿ ಸೀರೆಗಳಿಗೆ ಹೇಳಿಹೋಗಿದ್ದ. ನೂಲಿಗೆ ಇವರೇ ಬಣ್ಣ ಹಾಕಿಕೊಟ್ಟರು, ಸೀರೆ ನೇಯಿಸಿದರು, ಕಳಿಸಿದರು. ಹಬ್ಬ ಮುಗಿದ ಮೇಲೆ ಸೀರೆಗಳು ತಿರುಗಿ ಬಂದವು. ಮೊದಲ ಸಲ ನೀರಿಗೆ ಹಾಕಿದಾಗಲೇ ಕರಿ ಬಿಟ್ಟು, ಬಿಳಿ ಪಟ್ಟಿಯ ಮೇಲೆಲ್ಲ ನೀಲಿ ಹರಿದಿತ್ತು.

ನೀಲಿ ಎಲ್ಲಿಂದ ಬಂತು? ಕರಿ ಬಣ್ಣ ಹಾಕಿದ್ದು ತಮ್ಮ. ತಮ್ಮನೇ ನೀಲಿ ಕಲಸಿದ್ದಾನೆ, ಕರಿ ಉಳಿಸಿ ಹೊರಗೆ ಮಾರಿಕೊಂಡಿದ್ದಾನೆ ಎಂದು ಮಾವ ತೀರ್ಮಾನಿಸಿದರು. ಕರಿಯಲ್ಲಿ ನೀಲಿ ತಾನಾಗಿಯೇ ಇರುತ್ತದೆ ಎಂದು ಕಾಡಪ್ಪನವರು ಒಂದೇ ಸಲ ಅಂದರಂತೆ. ಮಾವ ಓಣಿಯವರೆಲ್ಲ ಕೇಳುವಂತೆ ನಕ್ಕು, ಕಳ್ಳ ಅಂದುಬಿಟ್ಟರು. ಆಮೇಲೆ ಮನೆಯ ನಡುವೆ ಗೋಡೆ ಎದ್ದಿತು.

ನಾನು ಸೊಸೆಯಾಗಿ ಬಂದದ್ದು ಗೋಡೆಗೆ ಸುಣ್ಣ ಆರಿದ ಮೇಲೆ. ಹೆಂಗಸರಿಗೂ ಮಕ್ಕಳಿಗೂ ಆಚೆ ಈಚೆ ಓಡಾಡಲು ಯಾವ ಅಡ್ಡಿಯೂ ಇರಲಿಲ್ಲ. ಅವರಿಬ್ಬರು ಮಾತ್ರ ಒಬ್ಬರೊಡನೊಬ್ಬರು ಮಾತಾಡರು. ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಬಾಯಿ ಬೇಕಾಗಿತ್ತು, ಅದಕ್ಕೆ ನನ್ನನ್ನು ಮದುವೆ ಮಾಡಿಕೊಂಡು ತಂದರು. ಅವರ ಟಾಕಿಯ ನೀರು ಹರಿದುಹೋಗುತ್ತಿದೆ ಎಂದು ಅವರಿಗೆ ಹೇಳು, ಎಂದು ಮಾವ ಈಚೆಗೆ ನಿಂತು ಕೂಗಿ ಹೇಳುವರು. ಆಚೆಗಿನವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ನಾನು ಒಲೆ ಸಣ್ಣ ಮಾಡಿ, ಚಪ್ಪಲಿ ಮೆಟ್ಟಿ, ಬೀದಿ ಸುತ್ತಿ ಹೋಗಿ ಹೇಳಿದ ಮೇಲೆಯೇ ಕಾಡಪ್ಪ ಕಾಕಾ ಎದ್ದು ಟಾಕಿಯ ನಳ ಬಂದ್ ಮಾಡುತ್ತಿದ್ದರು. ಎರಡು ದೇಶಗಳ ನಡುವೆ ಇಷ್ಟು ಓಡಾಡಿದವರಿಗೆ ಮೋಟಾರು, ಬಂಗಲೆ ಕೊಡುತ್ತಾರೆ. ನನಗೆ ಮೊಣಕಾಲು ನೋವು ಬಂತು.

ಪ್ರಯೋಗಕ್ಕೆ ಬರೋಣ. ನನ್ನ ಗಂಡನಿಗೆ ಒಂದು ಚಟವಿದೆ. ಮುಧೋಳಕ್ಕೆ ಹೋಗಲಿ, ತೇರದಾಳಕ್ಕೆ ಹೋಗಲಿ, ಹೋಟೆಲಿನಲ್ಲಿ ಕೈ ಒರೆಸಲು ಇಟ್ಟಿರುವ ಕಾಗದವನ್ನು ನಾಲ್ಕು ಜನರ ಪಾಲಿನಷ್ಟು ಎತ್ತಿ ಅಂಗಿಯ ಕಿಸೆಗೆ ತುರುಕಿಕೊಂಡು ಬರುವುದು. ಅವೆಲ್ಲ ಕಪಾಟಿನಲ್ಲಿ ಕೊಳೆಯುತ್ತಿದ್ದವು. ಸಿಂಚನಾ ಅವನ್ನು ಹೊರತೆಗೆದು, ಒಂದು ಪಟ್ಟಿ ಹರಿದು, ಗೆರೆ ಎಳೆದು, ಪೆನ್ಸಿಲಿಗೆ ಜೋತುಬಿಟ್ಟು ಗ್ಲಾಸಿನ ಮೇಲೆ ಅಡ್ಡ ಇಟ್ಟಳು. ನನ್ನನ್ನು ಮುಟ್ಟಲು ಬಿಡಲಿಲ್ಲ.

ನೀರು ಸರಸರ ಏರಿತು. ಗೆರೆಯನ್ನು ಮುಟ್ಟಿತು. ಗೆರೆ ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಸಡಿಲಾಗತೊಡಗಿತು. ಎಲ್ಲಕ್ಕೂ ಮುಂದೆ ನೀಲಿ ಓಡಿತು. ಅದರ ಹಿಂದೆ ಗುಲಾಬಿ. ಗೆರೆ ಇದ್ದ ಜಾಗದಲ್ಲಿ ತಿಳಿ ಹಳದಿ ಉಳಿಯಿತು. ಕರಿ ಎಲ್ಲೂ ಇರಲಿಲ್ಲ. ನನಗೆ ಗಲಗಲಿಯ ಖಡೂ ನೆನಪಾಗಿ ಸುಮ್ಮನೆ ನೋಡುತ್ತ ಕುಳಿತೆ.

ಮಾವ ಜೋಕಾಲಿಯಿಂದ ಇಳಿದು ಬಂದು ಗ್ಲಾಸಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು.

‘ಇದರಾಗ ನೀಲಿ ಯಾರು ಕಲಸಿದ್ರು?’

‘ಯಾರೂ ಕಲಸಿಲ್ಲ ಮುತ್ಯಾ,’ ಅಂದಳು ಸಿಂಚನಾ. ‘ಕರಿ ಅಂದ್ರ ಹಂಗ ಇರ್ತೈತಿ. ಎಲ್ಲಾ ಕೂಡಿದ್ರ ಕರಿ.’

ಆ ಪೆನ್ನು ಸೋವಿಯದು, ಅಗ್ಗದ ಮಾಲಿರಬೇಕು ಅಂದರು ಮಾವ. ಇನ್ನೊಂದು ಕರಿ ಪೆನ್ನು ತಂದು ತೋರಿಸಿದಳು. ಅದರಲ್ಲೂ ನೀಲಿ. ಮಾವ ಅಂಗಿ ತೊಟ್ಟುಕೊಂಡು ತಾವೇ ಪೇಟೆಗೆ ಹೋಗಿ, ಅಂಗಡಿಯಲ್ಲಿದ್ದ ಬಗೆಬಗೆಯ ಕರಿ ಪೆನ್ನುಗಳನ್ನೆಲ್ಲ ತಂದರು. ಕೊಡುವಾಗ ಖರೆ ಕರಿ ಇದ್ದದ್ದು ಕೊಡು ಎಂದು ಅಂಗಡಿಯವನಿಗೆ ತಾಕೀತು ಮಾಡಿದ್ದರಂತೆ. ನಮ್ಮ ಪಡಸಾಲೆ ಪ್ರಯೋಗಶಾಲೆಯಾಯಿತು; ಅಡುಗೆಮನೆಯ ಗ್ಲಾಸುಗಳೆಲ್ಲ ಅಲ್ಲಿ ಸಾಲುಗಟ್ಟಿದವು. ಒಂದರಲ್ಲಿ ನೀಲಿಯ ಜೊತೆ ಹಸಿರು ಬಂತು, ಇನ್ನೊಂದರಲ್ಲಿ ನೇರಳೆ. ನೀಲಿ ತಪ್ಪಲಿಲ್ಲ. ದಪ್ಪ ಮಾರ್ಕರಿನ ಗೆರೆ ಒಂದು ಮಾತ್ರ ಇದ್ದಲ್ಲೇ ಇತ್ತು. ಮಾವನ ಮುಖ ಅರಳಿತು. ನೋಡು, ಇದೊಂದು ಮರ್ಯಾದಸ್ಥ ಪೆನ್ನು ಅಂದರು.

ಸಿಂಚನಾ ಮೊಬೈಲು ನೋಡಿ ಹೇಳಿದಳು. ‘ಅದು ನೀರಿನಾಗ ಕರಗೂದ ಇಲ್ಲ ಮುತ್ಯಾ. ಕರಗದಿದ್ರ ಒಳಗೇನೈತಿ ಗೊತ್ತಾಗೂದಿಲ್ಲ.’

ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನಾನು ಬಾಯಿ ತೆರೆಯಲಿಲ್ಲ; ಸೊಸೆಯಾದವಳಿಗೆ ಅಷ್ಟು ವಿಜ್ಞಾನ ಗೊತ್ತಿರಬೇಕು. ಮಾವ ಮಧ್ಯಾಹ್ನ ಒಂದೇ ರೊಟ್ಟಿ ತಿಂದು ಎದ್ದರು. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಅವರು ಒಂದು ರೊಟ್ಟಿಗೆ ಎದ್ದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಜೋಕಾಲಿಯ ಮೇಲೆ ಮಲಗಿದರು, ಎದ್ದರು, ಒಣಗಿದ ಕಾಗದದ ಪಟ್ಟಿಗಳನ್ನು ಬೆಳಕಿಗೆ ಹಿಡಿದರು, ಮತ್ತೆ ಮಲಗಿದರು. ನಾಲ್ಕರ ಚಹಾ ಕೊಡಲು ಹೋದರೆ, ಒಗೆದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು, ಒಂದು ತಾಟಿನಲ್ಲಿ ಆ ಪಟ್ಟಿಗಳನ್ನು ಹರವಿಕೊಂಡು ನಿಂತಿದ್ದರು. ಹೆಣ್ಣು ನೋಡಲು ಹೊರಟವರ ಹಾಗೆ.

‘ನಡೀ ಯವ್ವಾ, ಜರಾ ಆ ಕಡೆ ಹೋಗಿ ಬರೂನು.’

ಬೀದಿಗಿಳಿದು, ಮೂಲೆ ತಿರುಗಿ, ಆಚೆಯ ಬಾಗಿಲಿಗೆ ಹೋದೆವು. ನನ್ನ ಮೊಣಕಾಲಿಗೆ ಕಂಠಪಾಠವಾಗಿದ್ದ ಆ ದಾರಿ ಮಾವನಿಗೆ ಹೊಸದು. ನಡುವೆ ಒಂದು ಗಟಾರವಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಕಾಡಪ್ಪ ಕಾಕಾ ಕಟ್ಟೆಯ ಮೇಲೆ ಕುಳಿತು ಸೇಂಗಾ ಸುಲಿಯುತ್ತಿದ್ದರು. ಅಣ್ಣನನ್ನು ನೋಡಿ ಕೈ ನಿಂತಿತು. ಕೂತವರು ಏಳಲಿಲ್ಲ, ನಿಂತವರು ಕೂಡಲಿಲ್ಲ. ಒಳಗಿಂದ ಅವರ ಹೆಂಡತಿ ಕಾಕಿ ಬಾಗಿಲ ತನಕ ಬಂದವರು ಅಲ್ಲೇ ಚೌಕಟ್ಟು ಹಿಡಿದು ನಿಂತುಬಿಟ್ಟರು.

ಮಾವ ನನ್ನ ಕಡೆ ತಿರುಗಿ, ಅವನಿಗೆ ಹೇಳು ಎಂದು ಸುರು ಮಾಡಿದರು. ಇಷ್ಟು ವರ್ಷದ ರೂಢಿ. ನನ್ನ ಬಾಯಿಯೂ ತನ್ನಷ್ಟಕ್ಕೆ ತೆರೆದುಕೊಂಡಿತು. ಆದರೆ ಏನಾಯಿತೋ, ಆ ಹೊತ್ತು ನನಗೆ ಹಟ ಬಂತು.

‘ನೀವ ಹೇಳ್ರಿ ಮಾವಾರ,’ ಅಂದೆ. ‘ಎದುರಿಗೇ ಕುಂತಾರ.’

ಮಾವ ತಾಟನ್ನು ಕಟ್ಟೆಯ ಮೇಲೆ ಇಟ್ಟರು. ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು. ಪಟ್ಟಿಗಳಿಗೆ ಹೇಳುವಂತೆ ತಲೆ ತಗ್ಗಿಸಿ ಹೇಳಿದರು.

‘ಕಾಡಪ್ಪಾ, ಕರಿಯಾಗ ನೀಲಿ ತಾನಾ ಇರ್ತೈತಿ. ಯಾರೂ ಕಲಸೂದು ಬ್ಯಾಡ.’

ಕಾಡಪ್ಪ ಕಾಕಾ ಒಂದೊಂದೇ ಪಟ್ಟಿ ಎತ್ತಿ ನೋಡಿದರು.

‘ನಾ ಅವತ್ತ ಹೇಳಿದ್ನಲ್ಲ.’

‘ಹೇಳಿದ್ದಿ. ಖರೆ ಇತ್ತು ಅದು.’

ಕಾಕಿ ಸೆರಗಿನಿಂದ ಮೂಗು ಒರೆಸಿಕೊಂಡರು. ಇಂಥ ಹೊತ್ತಿನಲ್ಲಿ ಟಿವಿಯಲ್ಲಾದರೆ ಹಿಂದೆ ಸಂಗೀತ ಬರುತ್ತದೆ. ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸಪ್ಪಳ ಬರುತ್ತಿತ್ತು, ಅದು ಯಾವಾಗಲೂ ಬರುತ್ತದೆ. ಅಷ್ಟಕ್ಕೇ ಎಲ್ಲ ಮುಗಿದಿದ್ದರೆ ನಾನು ಈ ಕಥೆಯನ್ನು ಎಲ್ಲರಿಗೂ ನೀತಿ ಸಹಿತ ಹೇಳಿಕೊಂಡು ತಿರುಗಬಹುದಿತ್ತು. ಆದರೆ ಕಾಡಪ್ಪ ಕಾಕಾ ಪಟ್ಟಿಯನ್ನು ಕೆಳಗಿಟ್ಟು, ಸೇಂಗಾದ ಸಿಪ್ಪೆಯನ್ನು ಒತ್ತಟ್ಟಿಗೆ ಸರಿಸಿ, ಅಣ್ಣನ ಮುಖ ನೋಡಿ ಹೇಳಿದರು.

‘ನಾ ಹೇಳಿದ್ದೂ ಖರೇನ ಅಣ್ಣಾ. ಆದ್ರ ನಾ ನೀಲಿ ಕಲಸಿದ್ದೂ ಖರೇನ.’

ಕಾಕಿಯ ಸೆರಗು ಮೂಗಿನ ಹತ್ತಿರವೇ ನಿಂತಿತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಕಡೆಯ ಹಂಡೆಗೆ ಕರಿ ಸಾಲದೆ ಬಂದಿತ್ತು. ಹೊಸ ಬಣ್ಣ ಬರುವಷ್ಟರಲ್ಲಿ ಸಂಕ್ರಾಂತಿ ಮುಗಿದುಹೋಗುತ್ತಿತ್ತು. ವ್ಯಾಪಾರಿಗೆ ಹಬ್ಬಕ್ಕೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟವರು ಅಣ್ಣ. ಅಣ್ಣನ ಮಾತು ಹೋಗಬಾರದೆಂದು ಮನೆಯಲ್ಲಿದ್ದ ನೀಲಿಯನ್ನು ಒಂದಿಷ್ಟು ಸೇರಿಸಿ ಸರಿದೂಗಿಸಿದ್ದರು. ಕರಿ ಮಾರಿಕೊಂಡಿರಲಿಲ್ಲ; ಮಾರಲು ಇದ್ದರಲ್ಲವೆ?

ಮಾವ ಕಟ್ಟೆಯ ಮೇಲೆ ಕುಳಿತರು, ತಮ್ಮನಿಂದ ಒಂದು ಮೊಳ ದೂರದಲ್ಲಿ.

‘ಮತ್ತ ಅವತ್ತ ಯಾಕ ಇದನ್ನ ಹೇಳಲಿಲ್ಲ?’

‘ನೀ ಕೇಳಲಿಲ್ಲ. ಯಾಕ ಕಲಸಿದಿ ಅಂತ ಕೇಳಿದ್ರ ಹೇಳ್ತಿದ್ನಿ. ನೀ ಕಳ್ಳ ಅಂದಿ.’

ಮಾವ ಒಂದು ಸೇಂಗಾಕಾಯಿ ಎತ್ತಿಕೊಂಡರು. ಒಡೆದರು. ಕಾಳು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದುಕೊಂಡು ಕುಳಿತರು. ‘ಅನಬಾರದಿತ್ತು,’ ಅಂದರು. ಅದು ಎಷ್ಟು ಸಣ್ಣ ದನಿಯಲ್ಲಿತ್ತೆಂದರೆ ಕಾಡಪ್ಪ ಕಾಕಾಗೆ ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ತಿರುಗಿ ಹೇಳಲೇ ಎಂದು ನಾಲಿಗೆ ತುರಿಸಿತು. ಕಚ್ಚಿಕೊಂಡೆ. ಕೇಳಿಸಿದ್ದಿರಬೇಕು, ಯಾಕೆಂದರೆ ಕಾಕಾ ಸೇಂಗಾದ ಮೊರವನ್ನು ಇಬ್ಬರ ನಡುವಿಗೆ ಸರಿಸಿದರು. ಚಹಾ ಇಡಲು ಕಾಕಿ ಒಳಗೆ ಹೋದರು.

ಚಹಾ ಬರುವಷ್ಟರಲ್ಲಿ ಜಗಳ ಹತ್ತಿತ್ತು. ಎಷ್ಟು ನೀಲಿ ಹಾಕಿದ್ದಿ ಎಂದು ಮಾವ ಕೇಳಿದ್ದರು. ಒಂದು ಹಿಡಿ ಅಂದಿದ್ದರು ಕಾಕಾ. ಒಂದು ಹಿಡಿಗೆ ಅಷ್ಟು ಬಣ್ಣ ಬಿಡುವುದಿಲ್ಲ, ಒಂದು ಬೊಗಸೆಯಾದರೂ ಹಾಕಿರಬೇಕು ಎಂದು ಮಾವ. ಬಣ್ಣ ಬಿಟ್ಟದ್ದು ನೀಲಿಯಿಂದಲ್ಲ, ಬಣ್ಣ ಹಾಕಿದ ನೂಲನ್ನು ನೀನು ನೀರಿನಲ್ಲಿ ಸರಿಯಾಗಿ ಜಾಲಿಸಲಿಲ್ಲ ಎಂದು ಕಾಕಾ. ಜಾಲಿಸುವುದನ್ನು ನನಗೆ ಕಲಿಸುತ್ತೀಯಾ ಲೇ ಎಂದು ಮಾವ ಎದ್ದು ನಿಂತರು. ಅಣ್ಣ ಎಂದು ಸುಮ್ಮನಿದ್ದೇನೆ ಎಂದು ಕಾಕಾ ಕೂಗಿದರು. ಇಷ್ಟು ವರ್ಷ ಸುಮ್ಮನೇ ಇದ್ದರು ಎಂಬುದನ್ನು ಆ ಹೊತ್ತಿಗೆ ಇಬ್ಬರೂ ಮರೆತಿದ್ದರು. ಓಣಿಯ ಜನ ಬಾಗಿಲುಗಳಿಗೆ ಬಂದರು. ನಾನು ನನ್ನ ಪಾಲಿನ ಚಹಾ ಕುಡಿದು, ಖಾಲಿ ತಾಟು ಹಿಡಿದುಕೊಂಡು ಒಬ್ಬಳೇ ಮನೆಗೆ ಬಂದೆ.

ಇಷ್ಟೆಲ್ಲ ಆದ ಮೇಲೆ ನೆನಪಾಯಿತು, ವಿಡಿಯೋ ಕಳಿಸಿಯೇ ಇರಲಿಲ್ಲ. ಮರುದಿನ ಸಂಜೆ ಸಿಂಚನಾ ಮತ್ತೆ ಗ್ಲಾಸು, ಪಟ್ಟಿ ಹೊಂದಿಸಿಕೊಂಡು, ನನ್ನ ಕೈಗೆ ಮೊಬೈಲು ಕೊಟ್ಟು, ಅಲುಗಾಡಿಸಬೇಡ ಎಂದು ಹೇಳಿ, ಚೆಂದವಾಗಿ ವಿವರಿಸಿದಳು. ಕಳಿಸಿದೆವು. ಗುತ್ತಿಗೆದಾರರ ಮಗನ ವಿಡಿಯೋ ಆಗಲೇ ಬಂದಿತ್ತು. ಕಾಫಿ ಸೋಸುವ ಕಾಗದ ಕೊರಿಯರಿನಲ್ಲಿ ತರಿಸಿದ್ದರು. ಸುರುವಿಗೆ ಹುಡುಗನ ಹೆಸರು ಬಂಗಾರದ ಅಕ್ಷರಗಳಲ್ಲಿ ತಿರುತಿರುಗಿ ಬರುತ್ತಿತ್ತು, ಹಿಂದೆ ಶಹನಾಯಿ. ಎಲ್ಲ ಪಾಲಕರೂ ಅದಕ್ಕೆ ಚಪ್ಪಾಳೆಯ ಚಿತ್ರ ಒತ್ತಿದ್ದರು. ನಾನೂ ಒತ್ತಿದೆ, ಮನುಷ್ಯ ಅಂದಮೇಲೆ ಮರ್ಯಾದೆ ಬೇಕಲ್ಲ.

ನಮ್ಮದಕ್ಕೆ ಬಾಯಾರಿಂದ ಉತ್ತರ ಬಂತು. ಪ್ರಯೋಗ ಚೆನ್ನಾಗಿದೆ, ಆದರೆ ಹಿಂದೆ ಯಾರೋ ಇಬ್ಬರು ಗಂಡಸರು ಜಗಳವಾಡುವುದು ಕೇಳಿಸುತ್ತದೆ, ಗದ್ದಲವಿಲ್ಲದ ಕಡೆ ಕುಳಿತು ಇನ್ನೊಮ್ಮೆ ಮಾಡಿ ಕಳಿಸಿ.

ಗೋಡೆಯ ಆಚೆಗೆ ಅದು ಇನ್ನೂ ನಡೆದೇ ಇತ್ತು. ಹಿಡಿಯೋ ಬೊಗಸೆಯೋ ಇತ್ಯರ್ಥವಾಗಿರಲಿಲ್ಲ. ಈಗ ಹಂಡೆ ದೊಡ್ಡದಿತ್ತೋ ಸಣ್ಣದಿತ್ತೋ ಎಂಬುದೂ ಅದಕ್ಕೆ ಸೇರಿತ್ತು. ನಡುನಡುವೆ ಇಬ್ಬರೂ ಕೆಮ್ಮುತ್ತಿದ್ದರು, ಕಾಕಿ ನೀರು ತಂದುಕೊಡುತ್ತಿದ್ದರು.

‘ಮಮ್ಮಿ, ಮುತ್ಯಾಂದಿರಿಗೆ ಸುಮ್ಮ ಕೂಡ್ರಿ ಅಂತ ಹೇಳಿ ಬರ್ಲೇನು?’ ಎಂದು ಸಿಂಚನಾ ಎದ್ದಳು.

ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ.

‘ಬ್ಯಾಡ,’ ಅಂದೆ. ‘ಮಾರ್ಕ್ಸ ಕಡಿಮಿ ಬಂದ್ರ ಬರಲಿ.’